ಇಂಗ್ಲಿಷರ ಲೂಟಿ, ಕಾಮಣ್ಣನ ಕಟ್ಟಿಗೆ

ನನ್ನ ಸರ್ವೀಸಿನಲ್ಲಿ ನಾನು ಕಂಡ ಲೂಟಿಗಳೆಲ್ಲ ಹಾಡಹಗಲೇ ಆದವು. ಮಾಡಿದವರೆಲ್ಲ ಗುರುತಿನ ಮಂದಿ. ಕಳಕೊಂಡವರು ಯಾರೂ ಪೊಲೀಸ್ ಸ್ಟೇಶನ್ನಿನ ಮೆಟ್ಟಿಲು ಹತ್ತಲಿಲ್ಲ. ಹತ್ತಿದ್ದರೆ ಅಲ್ಲಿಯವರೂ ನಗುತ್ತಿದ್ದರೇ ಹೊರತು ಬರೆದುಕೊಳ್ಳುತ್ತಿರಲಿಲ್ಲ.

ನಾನು ರಾಣೆಬೆನ್ನೂರಿನವನು. ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡೆ. ಈಗಲೂ ಲಗ್ನದ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಗಳು ಹಿಡಿದು ನಿಲ್ಲಿಸಿ, "ಸರ್, ಆ ಲೂಟಿ ಕಥಿ ಒಂದಿಷ್ಟು ಹೇಳ್ರಿ" ಅಂತಾರೆ. ಹೇಳುತ್ತೇನೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಮನೆಗೆ ಬಂದು ಊಟಕ್ಕೆ ಕೂತರೆ ಮಾತ್ರ ತುತ್ತು ಇಳಿಯುವುದಿಲ್ಲ. ಹೆಂಡತಿ ತಾಟು ನೋಡಿ, "ಮತ್ತ ಯಾರಿಗೋ ಹೇಳಿ ಬಂದೀರಿ ಹೌದಲ್ಲ?" ಅಂತಾಳೆ. ಆಕೆಗೆ ಎಲ್ಲ ಗೊತ್ತು.

೧. ಕರಿಹಲಗೆ

ಎಂಬತ್ತರ ದಶಕದ ನಡುವಿನ ಮಾತು. ನೌಕರಿಗೆ ಸೇರಿ ವಾರವೂ ಆಗಿರಲಿಲ್ಲ. ಒಂಬತ್ತನೇ ಇಯತ್ತೆಯ ಪಾಠದಲ್ಲಿ ಸಿಪಾಯಿಗಳು ಒಂದು ಪಟ್ಟಣವನ್ನು ‘ಲೂಟ್’ ಮಾಡಿದರು ಅಂತ ಒಂದು ಸಾಲು ಬಂತು. ಕಠಿಣ ಪದ ಬಂದರೆ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡದ ಅರ್ಥ ಬರೆಯಬೇಕು ಅಂತ ಟ್ರೇನಿಂಗಿನಲ್ಲಿ ಕಲಿಸಿದ್ದರು. ನಾನು ಹಂಗೇ ಮಾಡಿದೆ. ಎಡಕ್ಕೆ ಲೂಟ್, ಬಲಕ್ಕೆ ಲೂಟಿ. ಇಡೀ ಕ್ಲಾಸು ಘೊಳ್ಳೆಂದು ನಕ್ಕಿತು.

"ಸರ್, ಅದು ನಮ್ಮ ಪದಾ ಐತ್ರಿ. ಇಂಗ್ಲಿಷನ್ಯಾಗ ಏನಂತಾರ ಅದನ್ನ ಹೇಳ್ರಿ" ಅಂದ ಮುಂದಿನ ಸಾಲಿನವನೊಬ್ಬ.

"ಇಂಗ್ಲಿಷನ್ಯಾಗೂ ಅದಽ" ಅಂದೆ.

ಮತ್ತೆ ನಗು. ಹೊಸ ಮಾಸ್ತರಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಅಲ್ಲಿಗೆ ತೀರ್ಮಾನ ಆಗಿಹೋಯಿತು.

ಗದ್ದಲ ಕೇಳಿ ಬಾಜೂ ಕ್ಲಾಸಿನಿಂದ ಹಿರೇಮಾಸ್ತರು ಬಂದರು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರಲ್ಲಿ ಅವರೇ ಹಿರಿಯರು, ಐವತ್ತು ದಾಟಿದವರು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಎಲ್ಲರಿಗೂ ಹಿರೇಮಾಸ್ತರೇ. ಹಲಗೆ ನೋಡಿದರು, ಹುಡುಗರನ್ನು ನೋಡಿದರು, ನನ್ನ ಕೈಯಿಂದ ಬರೆಯುವ ಖಡು ಇಸಿದುಕೊಂಡರು.

"ಖರೇ ಅದ. ಇದು ನಮ್ಮ ಮಾತು" ಅಂದರು. "ಸಂಸ್ಕೃತದಾಗ ಲುಂಟನ ಅಂತಿದ್ರು, ಉತ್ತರದ ಮಂದಿ ಲೂಟ್ ಅಂದ್ರು, ನಾವು ಲೂಟಿ ಅಂದ್ವಿ. ಕುಂಪಣಿ ದಂಡಿನವರು ನಮ್ಮ ಪ್ಯಾಟ್ಯಾಗ, ನಮ್ಮ ಸಿಪಾಯಿಗಳ ಬಾಯಾಗ ಅದನ್ನ ಕೇಳಿದ್ರು. ಹಡಗಿನ್ಯಾಗ ಹತ್ತಿ, ರೇಶಿಮಿ ಹೇರೂ ಮುಂದ ಈ ಪದಾನೂ ಹೇರಿಕೊಂಡು ಹೋದ್ರು."

"ಅವರ ಹಂತ್ಯಾಕ ಸ್ವಂತ ಪದಾ ಇರಲಿಲ್ಲೇನ್ರಿ?"

"ಇದ್ದೂ. ಪ್ಲಂಡರ್ ಅಂತ ಒಂದಿತ್ತು, ಜರ್ಮನ್ ಮಂದಿಯಿಂದ ಬಂದದ್ದು. ಅಲ್ಲಿ ಅದಕ್ಕ ಮೊದಲಿನ ಅರ್ಥ ಹಾಸಿಗಿ, ಅರಿವಿ, ಮನಿ ಸಾಮಾನು. ರಾನ್ಸ್ಯಾಕ್ ಅಂತ ಇನ್ನೊಂದು. ಮನಿ ಹೊಕ್ಕು ಹುಡುಕೂದು ಅಂತ ಅರ್ಥ. ಎಲ್ಲಾ ಇದ್ದೂ, ಇಲ್ಲಿ ಬಂದು ತಾವು ಮಾಡಿದ್ದು ನೋಡಿ, ಇದಕ್ಕ ನಮ್ಮ ಊರಿನ ಪದಾ ಸಾಲಂಗಿಲ್ಲ ಅಂತ ಅವರಿಗೇ ಅನಿಸ್ತು."

ಹುಡುಗರು ಹಲಗೆಯ ಮೇಲಿನ ಪದವನ್ನು ಮತ್ತೊಮ್ಮೆ ಓದಿದರು. ನನಗೆ ಕೆಟ್ಟೆನಿಸಿತು. ಪದ ಒಯ್ದದ್ದಕ್ಕಲ್ಲ, ಆ ಪದ ಬೇಕಾಗುವಷ್ಟು ಮಾಡಿದರಲ್ಲ ಅಂತ. ಆಗ ಆ ಮುಂದಿನ ಸಾಲಿನವನೇ ಎದ್ದು ನಿಂತ.

"ಸರ್, ಹಂಗಾರ ಪರೀಕ್ಷಾದಾಗ ಈ ಪದಾ ಬಂದ್ರ ಬರೀದಿದ್ರೂ ಮಾರ್ಕ್ಸ್ ಕೊಡಬೇಕ್ರಿ. ನಮ್ಮದಽ ಒಯ್ದು ತಿರುಗಿ ನಮಗಽ ಕೇಳಿದ್ರ ಹೆಂಗ್ರಿ?"

೨. ನೋಡೂದು

ಹಿರೇಮಾಸ್ತರ ಬಾಜೂ ಮನೆಯೇ ನನಗೆ ಬಾಡಿಗೆಗೆ ಸಿಕ್ಕಿತು. ಎರಡೂ ಹಿತ್ತಲಿನ ನಡುವೆ ಒಂದು ಬಿದ್ದ ಗೋಡೆ, ದಾಟಿದರೆ ಅವರ ಮನೆ. ಅವರಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿಗೆ ನಾನು ಕಾಕು ಅಂತಿದ್ದೆ. ಕಾಕು ಮೊದಲನೇ ದಿನವೇ ಅಡಿಗೆಮನೆಯ ಮೂಲೆಯಲ್ಲಿದ್ದ ಒಂದು ಕಟ್ಟಿಗೆಯ ಚಹಾ ಪೆಟ್ಟಿಗೆ ತೋರಿಸಿ, "ನಮ್ಮನ್ಯಾಗ ನಾವು ಇಬ್ಬರಲ್ಲಪಾ, ಇದನ್ನ ಹಿಡಿದು ಮೂವರು" ಅಂದರು.

ಪೆಟ್ಟಿಗೆಯ ತುಂಬ ಚೀಟಿ. ಹಳೆಯ ಉತ್ತರಪತ್ರಿಕೆ ಕತ್ತರಿಸಿ, ಖಾಲಿ ಬದಿಗೆ ಒಂದು ಚೀಟಿಗೆ ಒಂದು ಪದದಂಗೆ ಬರೆದದ್ದು. ಇಂಗ್ಲಿಷರು ನಮ್ಮ ದೇಶದಿಂದ ಒಯ್ದ ಪದಗಳು. ಲೂಟ್, ಠಗ್, ಡಕಾಯಿತ, ಬಂಗಲೆ, ಶಾಂಪೂ, ಪೈಜಾಮ, ಕಾಟ್. ಎಲ್ಲಿಂದ ಹುಟ್ಟಿತು, ಯಾರ ಬಾಯಿಂದ ಯಾರ ಬಾಯಿಗೆ ಹೋಯಿತು, ಈಗ ನಮ್ಮ ಓಣಿಯಲ್ಲಿ ಅದನ್ನು ಹೆಂಗೆ ಬಳಸುತ್ತಾರೆ, ಎಲ್ಲ. ಇಪ್ಪತ್ತಾರು ವರ್ಷದ ಕೆಲಸ. ಎರಡನೇ ಪ್ರತಿ ಇರಲಿಲ್ಲ. ರಿಟೈರ್ ಆಗುವುದರೊಳಗೆ ಪುಸ್ತಕ ಆಗಬೇಕು, ಅಷ್ಟೇ ಅವರ ಆಸೆ. ಮತ್ತೊಂದು ಬೇಡಿದ್ದನ್ನು ನಾನು ಕೇಳಿಲ್ಲ.

ಒಂದು ದಿನ, "ಬಾ, ಲೂಟಿ ಎಲ್ಲಿರ್ತದ ತೋರಿಸ್ತೀನಿ" ಅಂತ ಮೆಣಸಿನಕಾಯಿ ಪೇಟೆಗೆ ಕರೆದೊಯ್ದರು. ಕೆಂಪು ರಾಶಿಗಳ ನಡುವೆ ಸೀನುತ್ತ ನಡೆದೆವು. ಕದರಮಂಡಲಗಿಯ ಕಡೆಯ ಒಬ್ಬ ಮುದುಕಿ ತನ್ನ ರಾಶಿಯ ಮುಂದೆ ಕೂತಿದ್ದಳು. ಬಂದವರೆಲ್ಲ ಒಂದು ಮುಟಗಿ ಮೆಣಸಿನಕಾಯಿ ಎತ್ತುವುದು, ಒಂದನ್ನು ಮುರಿದು ಬಣ್ಣ ನೋಡುವುದು, ಮೂಸುವುದು, ಉಳಿದದ್ದನ್ನು ಕೈಚೀಲಕ್ಕೆ ಹಾಕಿಕೊಂಡು ಮುಂದಿನ ರಾಶಿಗೆ ಹೋಗುವುದು. ಕೊಳ್ಳುವವರೂ ಹಂಗೇ, ಕೊಳ್ಳದವರೂ ಹಂಗೇ. ಮುದುಕಿಯ ರಾಶಿ ಕಣ್ಣೆದುರೇ ಕುಗ್ಗುತ್ತಿತ್ತು.

ಹಿರೇಮಾಸ್ತರು ಕುಕ್ಕುರುಗಾಲಲ್ಲಿ ಕೂತು ಕೇಳಿದರು, "ಯವ್ವಾ, ಇದಕ್ಕ ನಿಮ್ಮ ಕಡೆ ಏನಂತಾರ? ಲೂಟಿ ಅಂತಾರ ಹೌದಲ್ಲ?"

ಮುದುಕಿ ಗಾಬರಿಯಾದಳು. "ಹಂಗ ಅನಬ್ಯಾಡ್ರಿ ಯಪ್ಪಾ, ಮಂದಿ ಸಿಟ್ಟಿಗೇಳ್ತಾರ. ಇದಕ್ಕ ನೋಡೂದು ಅಂತಾರ. ಮುಂಜಾನಿಂದ ಭಾಳ ಮಂದಿ ನೋಡಿದ್ರು. ಇನ್ನ ನಾಕ ಮಂದಿ ನೋಡಿದ್ರ ನಾ ಮನಿಗೆ ಹೋಗಾಕ ಅಡ್ಡಿಯಿಲ್ಲ."

ಹಿರೇಮಾಸ್ತರಿಗೆ ಕಣ್ಣು ತುಂಬಿ ಬಂತು. ಖಾರಕ್ಕೋ ಮಾತಿಗೋ ತಿಳಿಯಲಿಲ್ಲ. ಅಲ್ಲೇ ಚೀಟಿ ತೆಗೆದು, ‘ನೋಡೂದು: ಲೂಟಿಗೆ ಬ್ಯಾಡಗಿಯ ಮರ್ಯಾದೆಯ ಹೆಸರು’ ಅಂತ ಬರೆದುಕೊಂಡರು. ದಾರಿಯುದ್ದಕ್ಕೂ ಮಂದಿಯನ್ನು ಬೈದದ್ದೇ ಬೈದದ್ದು. ಬಡವರ ರಾಶಿಗೆ ಕೈ ಹಾಕುವ ಕೈ ಸೇದಿಹೋಗಲಿ ಅಂದರು.

ಮನೆಗೆ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕಿದರು. ಕಾಕು ಕಿಸೆ ತಡವಿ ಕೇಳಿದರು, "ಏನ್ರೀ ಇದು, ಮೆಣಸಿನಕಾಯಿ ಎಲ್ಲೀವು?"

ಹಿರೇಮಾಸ್ತರು ಗೂಟದ ಅಂಗಿ ನೋಡಿ ಹೇಳಿದರು, "ನಾನೂ ನೋಡಿದ್ನೇನೋ."

೩. ಹಾವೇರಿಯ ಪ್ರೆಸ್ಸು

ಬ್ಯಾಡಗಿಯಲ್ಲಿ ಪುಸ್ತಕ ಅಚ್ಚು ಮಾಡುವವರು ಸಿಗಲಿಲ್ಲ. ಹಾವೇರಿಯಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ಕು ಮಾಡುವ ಒಂದು ಸಣ್ಣ ಪ್ರೆಸ್ಸಿತ್ತು. ಹಿರೇಮಾಸ್ತರು ಒಂದು ಹಿಡಿ ಚೀಟಿ ತೆಗೆದುಕೊಂಡು ನನ್ನನ್ನೂ ಎಳೆದುಕೊಂಡು ಹೊರಟರು. ಮಾಲಕ ಒಳ್ಳೆಯ ಮನುಷ್ಯ. ಚಶ್ಮಾ ಏರಿಸಿ ಒಂದೊಂದೇ ಚೀಟಿ ಓದಿದ. ಓದುತ್ತ ಓದುತ್ತ ಮುಖ ಸಣ್ಣದು ಮಾಡಿದ.

"ಇವೆಲ್ಲಾ ಇಂಗ್ಲಿಷರು ಒಯ್ದಾರೇನ್ರಿ ಸರ್?"

"ಒಯ್ದಾರ."

"ಇಷ್ಟೂ?"

"ಪೆಟ್ಟಿಗಿ ತುಂಬ ಇನ್ನೂ ಅವ."

ಅವನಿಗೆ ಕರುಳು ಚುರ್ ಅಂದಿರಬೇಕು. "ಒಯ್ದ ಮ್ಯಾಲ ನಮ್ಮ ಹಂತ್ಯಾಕ ಒಂದೂ ಉಳದಿಲ್ಲೇನ್ರಿ?"

"ಉಳದಾವಲ್ಲಪಾ. ಪದಾ ಒಯ್ದರ ಖಾಲಿ ಆಗಂಗಿಲ್ಲ. ಅವರಿಗೂ ಆತು, ನಮಗೂ ಆತು."

ಮಾಲಕ ಎದೆ ನೀವಿಕೊಂಡ. "ಸುಮ್ನ ಹೆದರಿಸಿಬಿಟ್ರಲ್ರಿ! ಹಂಗಾರ ನಮಗ ಏನೂ ಲುಕ್ಸಾನ ಆಗಿಲ್ಲ ಬಿಡ್ರಿ. ಹೋಳಿ ಆದ ಕೂಡ್ಲೆ ಪೆಟ್ಟಿಗಿ ತಗೊಂಡು ಬರ್ರಿ. ಯುಗಾದಿ ಆದ್ರ ಲಗ್ನಪತ್ರಿಕಿ ಸುಗ್ಗಿ ಸುರು ಆಗ್ತೈತಿ, ಆಗ ನಾ ಸಿಗಂಗಿಲ್ಲ."

ಬರುವಾಗ ಬಸ್ಸಿನಲ್ಲಿ ಹಿರೇಮಾಸ್ತರು ಕಿಟಕಿಯ ಹೊರಗೆ ನೋಡುತ್ತ ನಗುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವರ ಕೆಲಸ ಓದಿ ಯಾರಾದರೂ ಕರುಳು ಹಿಂಡಿಕೊಂಡದ್ದು ಅದೇ ಮೊದಲಂತೆ. ಅವರ ಖುಷಿ ನೋಡಿ ನನಗೂ ಒಳ್ಳೆಯದೆನಿಸಿತು. ಅರ್ಧ ದಾರಿಗೆ ಬಂದಾಗ ಕಿಸೆ ಮುಟ್ಟಿ ನೋಡಿಕೊಂಡು, "ಏ, ಆ ಮಾಲಕ ನನ್ನ ಪೆನ್ನು ಇಟಗೊಂಡಾ ನೋಡು!" ಅಂದರು.

೪. ಕಾಮಣ್ಣನ ಕಾನೂನು, ಬಚ್ಚಲದ ಬಾಗಿಲು

ಇನ್ನು ಹೋಳಿಯ ಮಾತು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ, ಈ ಮೂರೂ ಊರಲ್ಲಿ ಹೋಳಿ ಅಂದರೆ ಓಣಿಗೊಂದು ಸುಡುವ ಕಾಮಣ್ಣ, ಅವನ ರಾಶಿಗೆ ಕಟ್ಟಿಗೆ. ಆ ಕಟ್ಟಿಗೆ ಕೇಳಿ ತರಬಾರದು, ಕೊಂಡು ತರಬಾರದು, ಕದ್ದೇ ತರಬೇಕು. ಹೊಸ್ತಿಲ ಒಳಗಿದ್ದದ್ದು ಮನೆಯವರದು, ಹೊಸ್ತಿಲ ಹೊರಗಿದ್ದ ಕಟ್ಟಿಗೆಯೆಲ್ಲ ಕಾಮಣ್ಣನದು. ಹೊರಸು, ಏಣಿ, ಮುರುಕು ಬೆಂಚು, ಕುಳ್ಳು, ಏನೇ ಆಗಲಿ. ರಾಶಿಗೆ ಬಿತ್ತೋ, ತಿರುಗಿ ಕೇಳುವಂತಿಲ್ಲ. ಬೈಯಬಹುದು. ಬೈದರೆ ಅವರು ಹಲಗಿ ಬಾರಿಸಿ, ಬಾಯಿ ಬಡಿದುಕೊಂಡು ಇನ್ನೂ ಜೋರು ಕುಣಿಯುತ್ತಾರೆ.

ಉಳಿಸಿಕೊಳ್ಳಲಿಕ್ಕೆ ಒಂದೇ ದಾರಿ. ಅವರು ನಿಮ್ಮ ಸಾಮಾನಿಗೆ ಕೈ ಹಚ್ಚಿದಾಗ, ಬೇರೆಯವರ ಮನೆಯ ಕಟ್ಟಿಗೆ ತೋರಿಸಬೇಕು. ತೋರಿಸಿದರೆ ನಿಮ್ಮದು ಬಿಡುತ್ತಾರೆ. ಯಾರು ತೋರಿಸಿದರು ಅಂತ ಮಾತ್ರ ಕೊರಳು ಕೊಯ್ದರೂ ಹೇಳುವುದಿಲ್ಲ. ಅದರಲ್ಲಿ ಅವರು ಬಹಳ ನಿಯತ್ತಿನ ಮಂದಿ.

ನೌಕರಿಗೆ ಸೇರುವ ಮೊದಲಿನ ಒಂದು ಹೋಳಿಗೆ ನಾನು ರಾಣೆಬೆನ್ನೂರಿನ ಮನೆಯಲ್ಲಿದ್ದೆ. ನಮ್ಮ ಬಚ್ಚಲು ಹಿತ್ತಲಲ್ಲಿ, ಮನೆಯಿಂದ ದೂರ. ಸೋದರಮಾವ ಮೈಗೆ ಸಾಬಾಣ ಹಚ್ಚಿಕೊಂಡು ಒಳಗೆ ಕೂತಾಗ ಕಾಮಣ್ಣನ ಮಂದಿ ಬಾಗಿಲನ್ನು ತಿರುಗಣಿಯಿಂದಲೇ ಎತ್ತಿದರು.

"ಯಾರೋ ಅದು! ಒಳಗ ನಾ ಅದೀನ್ರೋ!" ಅಂತ ಮಾವ ಕೂಗಿದ.

"ನೀವು ಆರಾಮ ಕುಂದ್ರಿ ಮಾವಾರ, ನಾವು ಬಾಗಲಾ ಅಷ್ಟಽ ಒಯ್ತೀವಿ."

ಅಪ್ಪ ಓಡಿ ಬಂದರು. "ಬ್ಯಾರೆ ತೋರಸ್ರಿ, ಬಿಡ್ತೀವಿ" ಅಂದರು ಕಾಮಣ್ಣನ ಮಂದಿ. ಒಳಗಿನಿಂದ ಮಾವ, "ತೋರಸ್ರೀ, ಏನರ ತೋರಸ್ರೀ, ಲಗೂ!" ಅಂತ ಒದರುತ್ತಿದ್ದ. ಅಪ್ಪ ಎಡಕ್ಕೆ ನೋಡಿದರು. ಅಲ್ಲಿಯವರು ಬಡವರು. ಬಲಕ್ಕೆ ನೋಡಿದರು. ಅಲ್ಲಿ ಬಾಣಂತಿಯಿದ್ದಳು. ಎದುರಿನವರು ಬೀಗರು. ಅಪ್ಪ ಯಾರದನ್ನೂ ತೋರಿಸಲಿಲ್ಲ. ಇಷ್ಟು ಸರಳ ಕೆಲಸ ಬರುವುದಿಲ್ಲವಲ್ಲ ಇವರಿಗೆ ಅಂತ ನನಗೆ ಅಂದು ಅಪ್ಪನ ಮೇಲೆ ಸಿಟ್ಟು ಬಂದಿತ್ತು.

ಅಪ್ಪ ವಿಚಾರ ಮಾಡುವುದರಲ್ಲಿ ಬಾಗಿಲು ಓಣಿ ದಾಟಿತು. ಮಾವ ನೀರು ಆರುವ ತನಕ ಬೋಗುಣಿ ಹಿಡಿದುಕೊಂಡು ಅಲ್ಲೇ ಕೂತ.

ಬ್ಯಾಡಗಿಯಲ್ಲಿ ನನ್ನ ಮೊದಲ ಹೋಳಿ ಹತ್ತಿರ ಬಂದಾಗ ಇದನ್ನು ಹಿರೇಮಾಸ್ತರಿಗೆ ಹೇಳಿದೆ. ಅವರು ನಕ್ಕು ನಕ್ಕು ಸುಸ್ತಾದರು. ಮರುದಿನ ಕ್ಲಾಸಿನಲ್ಲಿ ಭಾಷಣವನ್ನೇ ಮಾಡಿದರು. "ಜಗತ್ತಿನ್ಯಾಗ ಪ್ರಾಮಾಣಿಕ ಲೂಟಿ ಅಂದ್ರ ಇದೊಂದಽ. ಕದ್ದಾವರೂ ನಾವು, ಕಳಕೊಂಡಾವರೂ ನಾವು, ಕಡೀಗೆ ಕೂಡಿ ಬೆಂಕಿ ಕಾಯಿಸ್ಕೊಳ್ಳೋರೂ ನಾವು. ಇದಕ್ಕ ಯಾರೂ ಅಡ್ಡ ಬರಬಾರದು." ಈ ಮಾತು ಅವತ್ತೇ ಸಂಜೆ ನಮ್ಮ ಓಣಿಗೆಲ್ಲ ಹಬ್ಬಿತು. ಓಣಿಯವರು ಅದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡರೆಂದರೆ, ಆ ವರ್ಷ ಶಾಲೆಯ ಎರಡು ಬೆಂಚು ಕಾಣೆಯಾದವು.

೫. ಮಂಚ

ಮುಂದಿನ ವರ್ಷ ನನ್ನ ಲಗ್ನ ಆಯಿತು, ಹಾವೇರಿಯ ಪ್ರೆಸ್ಸಿಗೆ ಹೋಗಿ ಬಂದದ್ದೂ ಅದೇ ವರ್ಷ. ಹೆಂಡತಿ ಯುಗಾದಿಗೆ ಬರುವವಳಿದ್ದಳು. ಅದಕ್ಕೆ ಮೊದಲೇ ಹೆಣ್ಣು ಕೊಟ್ಟ ಮಾವ ಒಂದು ಸಾಗವಾನಿ ಮಂಚ ಮಾಡಿಸಿ ಲಾರಿಗೆ ಹಾಕಿ ಕಳಿಸಿದ್ದರು. ಅದೆಷ್ಟು ದೊಡ್ಡದೆಂದರೆ ನನ್ನ ಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಬಡಿಗ್ಯಾ ಬಂದು ಕಾಲು ಬಿಚ್ಚುವ ತನಕ ಅಂತ ಹಿತ್ತಲಲ್ಲಿ ತಗಡಿನ ಪಡವಿಯ ಕೆಳಗೆ ಇಟ್ಟಿದ್ದೆ. ಮಾವನ ಪತ್ರ ವಾರಕ್ಕೊಂದು ಬರುತ್ತಿತ್ತು. ಮೊದಲಿಗೆ ಮಂಚ ಕ್ಷೇಮವೇ, ಆಮೇಲೆ ನೀವು ಕ್ಷೇಮವೇ.

ಕಾಮದಹನದ ಹಿಂದಿನ ದಿನ ಶಾಲೆ ಅರ್ಧ ದಿನ. ಮನೆಗೆ ಬರುವುದರಲ್ಲಿ ಕಾಕು ಕರೆದರು. ಚೀಟಿಯ ಪೆಟ್ಟಿಗೆಗೆ ಹುಳ ಬಿದ್ದಿತ್ತು. ಬಿಸಿಲಿಗೆ ಇಟ್ಟು ತೆಗೆಯಬೇಕು, ಹೋಳಿ ಮುಗಿದರೆ ಪ್ರೆಸ್ಸಿಗೆ ಒಯ್ಯುವುದು. ಹಿರೇಮಾಸ್ತರು ಒಂದು ಕಡೆ, ನಾನೊಂದು ಕಡೆ ಹಿಡಿದು ಅವರ ಹಿತ್ತಲಿಗೆ ತಂದು ಇಟ್ಟೆವು. ಬಾಜೂಕ ಮುರಿದ ಹಳೇ ಬಾಗಿಲೊಂದು ಗೋಡೆಗೆ ಆನಿಸಿತ್ತು.

"ಸರ್, ನಾಳಿ ಹೋಳಿ ಐತ್ರಿ" ಅಂದೆ.

"ಎರಡು ತಾಸಿನ ಮಾತು. ನಿಮ್ಮ ಕಾಕು ಇರ್ತಾಳ" ಅಂದರು.

ಪ್ರೆಸ್ಸಿನವನಿಗೆ ದಿನ ಗೊತ್ತು ಮಾಡಿ ಬರಲಿಕ್ಕೆ ಹಿರೇಮಾಸ್ತರು ಎರಡರ ಬಸ್ಸಿಗೆ ಹಾವೇರಿಗೆ ಹೋದರು. ಕಾಕು ಮುಂದಿನ ಪಡಸಾಲೆಯಲ್ಲಿ ಓಣಿಯ ಹೆಂಗಸರ ಜೋಡಿ ಶಾವಿಗೆ ಹೊಸೆಯುತ್ತಿದ್ದರು. ನಾನು ಉಂಡು ಕೈ ತೊಳೆಯುತ್ತಿದ್ದಾಗ ಹಿತ್ತಲಲ್ಲಿ ಹಲಗಿ ಸಪ್ಪಳ ಕೇಳಿತು. ಓಡಿ ಹೋದೆ. ಮುಖಕ್ಕೆಲ್ಲ ಬಣ್ಣ ಬಳಿದುಕೊಂಡ ಎಂಟು ಮಂದಿ ಮಂಚದ ನಾಕೂ ಮೂಲೆ ಹಿಡಿದು ಎತ್ತಿಯಾಗಿತ್ತು. ಮುಂದಾಳು ನಮ್ಮ ಓಣಿಯ ಸೈಕಲ್ ಅಂಗಡಿಯವ.

"ಸರ್, ಸರಕೋರಿ. ಕಾಮಣ್ಣ ಈ ವರ್ಷ ಮಂಚದ ಮ್ಯಾಲ ಮಲಗ್ತೀನಿ ಅಂದಾನ."

"ಏ ಬ್ಯಾಡ್ರೋ! ಮಾವ ಕೊಟ್ಟಿದ್ದೈತಿ. ಹೇಂತಿ ಇನ್ನೂ ಬಂದಿಲ್ಲ!"

"ಬರೂದರಾಗ ಇನ್ನೊಂದ ಕೊಡಸ್ಕೋರಿ. ಇಲ್ಲಾ, ಬ್ಯಾರೆ ತೋರಸ್ರಿ, ಬಿಡ್ತೀವಿ."

ನಮ್ಮ ಅಪ್ಪನಂಗೆ ನಾನು ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ಬಿದ್ದ ಗೋಡೆಯ ಆಚೆ ಬೆರಳು ಮಾಡಿದೆ. "ಅಲ್ಲಿ, ಬಾಜೂ ಹಿತ್ತಲದಾಗ ಕಟಗಿ ಐತಿ."

ನನ್ನ ಮನಸ್ಸಿನಲ್ಲಿ ಇದ್ದದ್ದು ಆ ಹಳೇ ಬಾಗಿಲು. ಪೆಟ್ಟಿಗೆ ನೆನಪಾಗಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ನೆನಪಾಯಿತು, ಅವರು ಗೋಡೆ ದಾಟಿದ ಮೇಲೆ. ಕೂಗಬಹುದಿತ್ತು. ಕೂಗಿದರೆ ತಿರುಗಿ ಮಂಚಕ್ಕೇ ಬರುತ್ತಾರಲ್ಲ ಅಂತ ಒಂದು ಕ್ಷಣ ತಡೆದೆ. ಆ ಒಂದು ಕ್ಷಣಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬಾಗಿಲೂ ಹೋಯಿತು, ಪೆಟ್ಟಿಗೆಯೂ ಹೋಯಿತು. ಕಾಲುಗಳ ಸಪ್ಪಳ ಓಣಿಯ ತುದಿಗೆ ಮುಟ್ಟಿತು.

ನಾನು ಮಂಚದ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಕಾಕು ಗೋಡೆಯ ಆಚೆಯಿಂದ ಕೂಗಿದರು, "ಏನಪಾ, ಪೆಟ್ಟಿಗಿ ನೀ ಒಳಗಿಟ್ಟೇನು? ಭಾಳ ಚಲೋ ಮಾಡಿದಿ ನೋಡು, ನಾ ಮರತಽ ಬಿಟ್ಟಿದ್ದೆ!"

೬. ಕೂಡಿದ ಓಣಿ

ಸಂಜೆ ಹಿರೇಮಾಸ್ತರು ಹಾವೇರಿಯಿಂದ ಬಂದಾಗ ಮುಖ ಅರಳಿತ್ತು. ಬುಧವಾರ ಬಾ ಅಂದಿದ್ದನಂತೆ ಪ್ರೆಸ್ಸಿನವ. ಅಷ್ಟರಲ್ಲಿ ಕಾಮಣ್ಣನ ರಾಶಿಯಲ್ಲಿ ಪೆಟ್ಟಿಗೆ ಕಂಡು ಬಂದಿದ್ದ ಕಾಕು ಅಳುತ್ತ ವಿಷಯ ಹೇಳಿದರು. ಅವರು ಚಪ್ಪಲಿ ಸಹ ಬಿಚ್ಚಲಿಲ್ಲ, ಓಣಿಗಳು ಕೂಡುವ ಕೂಟಿನ ಕಡೆಗೆ ನಡೆದೇಬಿಟ್ಟರು. ಹಿಂದೆ ಕಾಕು, ಅವರ ಹಿಂದೆ ನಾನು.

ಓಣಿಯ ಕೂಟಿನಲ್ಲಿ ರಾಶಿ ಎರಡಾಳು ಎತ್ತರ ನಿಂತಿತ್ತು. ಹೊರಸು, ಏಣಿ, ಬಂಡಿಯ ನೊಗ, ಎಲ್ಲದರ ತಳದಲ್ಲಿ ನಮ್ಮ ಚಹಾ ಪೆಟ್ಟಿಗೆಯ ಒಂದು ಮೂಲೆ ಕಾಣುತ್ತಿತ್ತು. ಗಟ್ಟಿ ಪೆಟ್ಟಿಗೆ ಅಂತ ಅದನ್ನೇ ಬುನಾದಿ ಮಾಡಿದ್ದರು.

ಓಣಿಯ ಹಿರಿಯ ಅಂದರೆ ಹಿಟ್ಟಿನ ಗಿರಣಿಯ ಯಜಮಾನ. ಅವನು ಕೈ ಮುಗಿದ. "ಸರ್, ಹುಡುಗರಿಗೆ ಗೊತ್ತಾಗಲಿಲ್ರಿ. ಕಾಗದ ನೋಡಿ ರದ್ದಿ ಅಂತ ತಿಳಕೊಂಡಾರ."

"ಪೆಟ್ಟಿಗಿ ಇಟಗೋರಿ. ಒಳಗಿನ ಕಾಗದಾ ಅಷ್ಟು ಕೊಡ್ರಿ" ಅಂದರು ಹಿರೇಮಾಸ್ತರು.

"ತಳದಾಗ ಐತಲ್ರಿ. ತಗೀಬೇಕಂದ್ರ ಇಡೀ ಕಾಮಣ್ಣನ್ನ ಇಳಸಬೇಕು."

ಇಳಿಸುವ ಮಾತು ಕೇಳಿದ್ದೇ ತಡ, ಓಣಿಗೆ ಓಣಿಯೇ ಕೂಡಿತು. "ಇಳಸ್ತೀರಾ? ಹಂಗಾರ ನಮ್ಮ ಒನಕಿ ಕೊಡ್ರಿ" ಅಂದಳು ಒಬ್ಬ ಮುದುಕಿ. "ನಮ್ಮ ತೊಟ್ಟಿಲಾ ಐತಿ" ಅಂದರು ಇನ್ನೊಬ್ಬರು. ಟೇಲರು ಮಂದಿಯನ್ನು ಸರಿಸಿ ಮುಂದೆ ಬಂದ. "ನನ್ನ ಇಸ್ತ್ರಿ ಟೇಬಲ್ ಒಯ್ದಾರ್ರಿ. ಅದರ ಮ್ಯಾಲ ಗಿರಾಕಿ ಪ್ಯಾಂಟ್ ಇತ್ರಿ, ಅದೂ ಒಳಗಽ ಐತಿ. ಆ ಮನಷ್ಯಾ ಲುಂಗಿ ಮ್ಯಾಲ ನನ್ನ ಅಂಗಡ್ಯಾಗ ಕುಂತಾನ್ರಿ!"

ಗಿರಣಿಯ ಯಜಮಾನ ಎಲ್ಲರನ್ನೂ ಸುಮ್ಮನಾಗಿಸಿದ. "ಸರ್, ನೀವು ಕಲಿತವರು. ಹೋದ ವರ್ಷ ನೀವಽ ಹೇಳೀರಿ, ಇದಕ್ಕ ಯಾರೂ ಅಡ್ಡ ಬರಬಾರದಂತ. ಈಗೂ ನೀವು ಹೂಂ ಅಂದ್ರ ಇಳಸ್ತೀವಿ. ಆದ್ರ ಒಬ್ಬರದು ಕೊಟ್ರ ಎಲ್ಲಾರದೂ ಕೊಡಬೇಕು. ಈ ವರ್ಷ ಓಣಿಗೆ ಕಾಮಣ್ಣ ಇಲ್ಲ. ನೀವು ಹೆಂಗ ಹೇಳ್ತೀರಿ ಹಂಗ."

ಹೂಂ ಅನ್ನಿರಿ ಸರ್, ಹೂಂ ಅನ್ನಿರಿ ಅಂತ ನಾನು ಒಳಗೊಳಗೇ ಬಡಿದುಕೊಂಡೆ. ಹಿರೇಮಾಸ್ತರು ರಾಶಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಒಂದು ಕ್ಷಣ ಬಿಟ್ಟು ನೋಡಿದರೆ ಅವರೂ ನೆಲವನ್ನೇ ನೋಡುತ್ತಿದ್ದರು.

"ಇರಲಿ ಬಿಡ್ರಿ" ಅಂದರು.

"ಇರಲಿ ಅಂದ್ರೇನು?" ಕಾಕು ಸೆರಗು ಬಾಯಿಗೆ ಒತ್ತಿಕೊಂಡರು. "ಇಪ್ಪತ್ತಾರು ವರ್ಷ ನನ್ನ ಅಡಗಿಮನಿ ಜಾಗಾ ತಿಂದದ ಅದು. ಇರಲಿ ಅಂದ್ರೇನ್ರೀ?"

ಹಿರೇಮಾಸ್ತರು ತಿರುಗಿ ನೋಡದೆ ಮನೆಯ ಕಡೆ ನಡೆದರು. ಓಣಿಯ ಮಂದಿ ಹೆಣದ ಮುಂದೆ ನಿಂತವರಂಗೆ ನಿಂತಿದ್ದರು. ಟೇಲರು ನಿಟ್ಟುಸಿರು ಬಿಟ್ಟ.

"ಹಂಗಾರ ಪ್ಯಾಂಟೂ ಹೋತಂತ ಹೇಳಿಬಿಡ್ತೀನ್ರಿ ಅವಗ."

೭. ಒಲೆ

ಮರುದಿನ ನಸುಕಿನಲ್ಲಿ ಕಾಮಣ್ಣನಿಗೆ ಬೆಂಕಿ ಬಿತ್ತು. ಹಿರೇಮಾಸ್ತರು ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು, ಕೈ ಹಿಂದೆ ಕಟ್ಟಿಕೊಂಡು ಎಲ್ಲರ ಜೋಡಿ ನಿಂತರು. ಉರಿ ತಳ ಮುಟ್ಟಿದಾಗ ಪೆಟ್ಟಿಗೆ ಒಡೆದು ಚೀಟಿಗಳು ಮೇಲೆದ್ದವು. ಕರೀ ಕಾಗದದ ಚೂರು ಮಂದಿಯ ತಲೆಯ ಮೇಲೆ, ಹೆಗಲ ಮೇಲೆ ಬೀಳುತ್ತಿದ್ದವು. ಯಾರೂ ಬಾಯಿ ಬಡಿದುಕೊಳ್ಳಲಿಲ್ಲ, ಹಲಗಿ ಬಾರಿಸಲಿಲ್ಲ. ಅಂಥ ಹೋಳಿಯನ್ನು ನಾನು ಮತ್ತೆ ನೋಡಿಲ್ಲ.

ಒಂದೇ ಒಂದು ಚೀಟಿ, ಅಂಚು ಸುಟ್ಟಿದ್ದು, ಗಿರಣಿಯ ಯಜಮಾನನ ಕಾಲ ಹತ್ತಿರ ಬಿತ್ತು. ಅವನು ಅದನ್ನು ಪ್ರಸಾದದಂಗೆ ಎರಡೂ ಕೈಯಲ್ಲಿ ಹಿಡಿದು ತಂದ. "ಸರ್, ಒಂದರ ಉಳೀತು ನೋಡ್ರಿ. ದೇವರು ಅದಾನ."

ಹಿರೇಮಾಸ್ತರು ಉರಿಯ ಬೆಳಕಿಗೆ ಹಿಡಿದು ಓದಿದರು. "ಮಸ್ಕಿಟೊ. ನಮ್ಮ ಮಶಕದಿಂದ ಹೋದದ್ದು ಅಂತ ಬರದಿದ್ದೆ. ಆಮ್ಯಾಲೆ ನೋಡಿದ್ರ ಅದು ಸ್ಪೇನ್ ಮಂದೀದು. ತಪ್ಪದ. ಹರದು ಒಗೀಬೇಕಂತ ಮಾಡಿದ್ದೆ."

ಅದನ್ನೂ ಬೆಂಕಿಗೆ ಹಾಕಿದರು. ಯಜಮಾನನ ಮುಖ ನೋಡಲಿಕ್ಕಾಗಲಿಲ್ಲ.

ಕಾಮಣ್ಣನ ಕೆಂಡ ಮನೆಗೆ ಒಯ್ದು ಅದರಿಂದಲೇ ಒಲೆ ಹೊತ್ತಿಸಬೇಕು, ಅದು ನಮ್ಮ ಪದ್ಧತಿ. ಏನೇ ಆದರೂ ಕಾಕು ಪದ್ಧತಿ ಬಿಡುವವರಲ್ಲ. ಕುಳ್ಳಿನ ಮೇಲೆ ಕೆಂಡ ಇಟ್ಟುಕೊಂಡು ಬಂದು, ಮೂಗು ಏರಿಸುತ್ತ ಒಲೆ ಹೊತ್ತಿಸಿ ಚಹಾಕ್ಕೆ ಇಟ್ಟರು. ಹಿರೇಮಾಸ್ತರು, ನಾನು ಪಡಸಾಲೆಯಲ್ಲಿ ಕೂತಿದ್ದೆವು. ಅಡಿಗೆಮನೆಯ ಮೂಲೆಯಲ್ಲಿ ಪೆಟ್ಟಿಗೆಯಿದ್ದ ಜಾಗ ಚೌಕಾಗಿ ಬೆಳ್ಳಗೆ ಕಾಣುತ್ತಿತ್ತು. ಕಾಕು ಚಹಾ ತಂದಿಟ್ಟರು. ಹಿರೇಮಾಸ್ತರು ಒಂದು ಗುಟುಕು ಕುಡಿದರು.

"ಇಪ್ಪತ್ತಾರು ವರ್ಷದ ಉರಿ ಮ್ಯಾಲ ಕುದ್ದದ್ದು" ಅಂದರು. "ಸಕ್ಕರಿ ಕಡಿಮಿ ಆಗ್ಯದ."

ಕಾಕು ಕಣ್ಣು ಒರೆಸಿಕೊಂಡು ಸಕ್ಕರೆ ತರಲಿಕ್ಕೆ ಒಳಗೆ ಹೋದರು. ನನಗೆ ತಡೆಯಲಿಕ್ಕಾಗಲಿಲ್ಲ. ಕಪ್ಪು ಕೆಳಗಿಟ್ಟು ಅವರ ಕಾಲು ಹಿಡಿದೆ.

"ಸರ್, ಅವರು ನಮ್ಮ ಹಿತ್ತಲಕ್ಕ ಬಂದಿದ್ರು. ನಾನಽ ನಿಮ್ಮ ಹಿತ್ತಲಾ ತೋರಿಸಿದೆ. ತಪ್ಪಾತ್ರಿ ಸರ್. ದೊಡ್ಡ ತಪ್ಪಾತು."

"ಏಳು, ಏಳು. ನನಗ ಗೊತ್ತದ."

"ಯಾರು ಹೇಳಿದ್ರು? ಅವರು ಹೇಳಂಗಿಲ್ಲಲ್ರಿ!"

"ಅವರು ಹೇಳಿಲ್ಲ. ಮಂಚ ತರ್ಲಿಕ್ಕೆ ಹೋದಾವರು ಪೆಟ್ಟಿಗಿ ತಂದಾರ ಅಂದ್ರ ನಡುವ ಏನಾಗಿರಬೇಕು ಅಂತ ತಿಳಿಯೂದಿಲ್ಲೇನು?"

ನಾನು ಕಣ್ಣು ಒರೆಸಿಕೊಳ್ಳುವುದು ಬಿಟ್ಟು ತಲೆಯೆತ್ತಿದೆ. "ಅವರು ಮಂಚ ತರಾಕ ಹೊಂಟಿದ್ದು ನಿಮಗ ಹೆಂಗ ಗೊತ್ತ್ರಿ ಸರ್?"

ಹಿರೇಮಾಸ್ತರು ಅಡಿಗೆಮನೆಯ ಕಡೆ ಒಮ್ಮೆ ನೋಡಿದರು. ಕಾಕು ಇನ್ನೂ ಡಬ್ಬಿ ಹುಡುಕುತ್ತಿದ್ದರು. ದನಿ ತೀರ ಸಣ್ಣದು ಮಾಡಿದರು.

"ನಾ ಬಸ್ಸಿಗೆ ಹೊರಡೂ ಮುಂದ ಅವರು ಮೊದಲ ನನ್ನ ಪೆಟ್ಟಿಗೀಗೇ ಬಂದಿದ್ರಪಾ. ಬ್ಯಾರೆ ತೋರಸ್ರಿ ಅಂದ್ರು. ಒಮ್ಮೆ ಬಿಟ್ಟ ಮನಿಗೆ ಯಾರರ ತೋರಿಸಿದ ಹೊರತು ಮತ್ತ ಬರಂಗಿಲ್ಲ ಅಂತ ಧೈರ್ಯ ಮಾಡಿ, ನಿನ್ನ ಮಂಚ ತೋರಿಸಿ ಹಾವೇರಿಗೆ ಹೋದೆ. ಹೊಸಾ ಸಾಗವಾನಿ, ಭಾಳ ಚಲೋ ಉರೀತದ ಅಂತ ಬ್ಯಾರೆ ಹೇಳಿದ್ದೆ."